ಡಾಕ್ಟರಿಗೆ ಯೋಗ ಹೇಳಿಕೊಡುವ ಮೊದಲು ಡ್ಯೂಟಿ ಚಾರ್ಟ್ ನೋಡಿ

ತಾಲೂಕು ಆಸ್ಪತ್ರೆಯ ಕ್ಯಾಜುವಾಲ್ಟಿ (ತುರ್ತು ವಿಭಾಗ) ಹತ್ತಿರ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಾರೆ. ಅದೇ ಡ್ಯೂಟಿ ಚಾರ್ಟ್. ಯಾವ ದಿನ ಯಾರು ಒಪಿಡಿ (ಹೊರರೋಗಿ ವಿಭಾಗ), ಯಾರಿಗೆ ನೈಟ್, ಯಾರು ಆನ್ ಕಾಲ್ ಎಂದು ಅದರಲ್ಲಿ ಬರೆದಿರುತ್ತದೆ. ಯಾವುದಾದರೂ ಒಂದು ಹೆಸರು ಹಿಡಿದು ಸೋಮವಾರದಿಂದ ಭಾನುವಾರದವರೆಗೆ ಬೆರಳಿಟ್ಟು ಓದಿ. ಸೋಮವಾರ ಬೆಳಿಗ್ಗೆ ಒಪಿಡಿ. ಅದೇ ರಾತ್ರಿ ಕ್ಯಾಜುವಾಲ್ಟಿ. ಮಂಗಳವಾರ ಬೆಳಿಗ್ಗೆ ಮತ್ತೆ ಒಪಿಡಿ. ಗುರುವಾರ ರಾತ್ರಿ ಮತ್ತೆ ಅದೇ ಹೆಸರು. ಈ ಮನುಷ್ಯ ಮಲಗುವುದು ಯಾವಾಗ ಎನ್ನುವ ಕಾಲಮ್ಮು ಮಾತ್ರ ಆ ಹಾಳೆಯಲ್ಲಿ ಇಲ್ಲ.

ನಾನು ಡಾಕ್ಟರಲ್ಲ. ಆಸ್ಪತ್ರೆ ಆಡಳಿತದ ಕಡೆಯವನು, ಅಂದರೆ ಇಂಥ ಹಾಳೆ ತಯಾರಿಸುವವರ ಪೈಕಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಆಸ್ಪತ್ರೆಗಳಲ್ಲಿ ಡಾಕ್ಟರು ಯಾಕೆ ಬಸವಳಿಯುತ್ತಾರೆ, ಅದನ್ನು ತಡೆಯಲು ಆಸ್ಪತ್ರೆ ಮತ್ತು ಇಲಾಖೆ ಏನು ಮಾಡಬಹುದು ಎಂದು ಇಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದರಲ್ಲಿ ಡಾಕ್ಟರ ಮನೋಬಲದ ಪಾಲು ಕಡಿಮೆ, ನಾವು ಕೆಲಸ ಹಂಚುವ ರೀತಿಯ ಪಾಲು ಜಾಸ್ತಿ.

ಬರೀ ಸುಸ್ತು ಅಲ್ಲ

ಈ ಸ್ಥಿತಿಗೆ ಬರ್ನ್‌ಔಟ್ ಅನ್ನುತ್ತಾರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಬರೆದರು. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿಗೆ ಹುಮ್ಮಸ್ಸಿನಿಂದ ಸೇರಿದವರು ಬರುಬರುತ್ತಾ ಸೋತು, ಸಿಡುಕರಾಗಿ, ಕೊನೆಗೆ ರೋಗಿಗಳನ್ನು ಕಂಡರೇ ಬೇಸರಪಡುವುದನ್ನು ಅವರು ನೋಡಿದ್ದರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಅವರ ಸಹೋದ್ಯೋಗಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ತಯಾರಿಸಿದರು. ಇವತ್ತಿಗೂ ಜಗತ್ತಿನ ಹೆಚ್ಚಿನ ಅಧ್ಯಯನಗಳಲ್ಲಿ ಬಳಕೆಯಲ್ಲಿರುವುದು ಅದೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿ ಬರ್ನ್‌ಔಟ್‌ಗೆ ವ್ಯಾಖ್ಯೆ ಕೊಟ್ಟಿತು. ಆದರೆ ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಜಾಗದಲ್ಲಿ ಬಹಳ ದಿನ ಇರುವ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಹುಟ್ಟುವ ಸ್ಥಿತಿ ಎಂದಿತು. ಈ ಮಾತು ಮುಖ್ಯ. ಕಾಯಿಲೆ ಎಂದಿದ್ದರೆ ಔಷಧಿ ಡಾಕ್ಟರಿಗೆ ಬೇಕಾಗುತ್ತಿತ್ತು. ಈಗ ಔಷಧಿ ಕೆಲಸದ ಜಾಗಕ್ಕೆ ಬೇಕು.

ಲಕ್ಷಣ ಮೂರು. ಒಂದು, ರಜೆ ಹಾಕಿ ಮಲಗಿದರೂ ಬಿಡದ ಸುಸ್ತು. ಎರಡು, ಕೆಲಸದಿಂದ ಮನಸ್ಸು ದೂರ ಸರಿಯುವುದು. ಮೊದಲು 'ಬಸಮ್ಮಜ್ಜಿ ಊಟ ಮಾಡಿದ್ಲಾ?' ಎಂದು ಕೇಳುತ್ತಿದ್ದ ಡಾಕ್ಟರು ಈಗ 'ಮೂರನೇ ಬೆಡ್ ಡಿಸ್ಚಾರ್ಜ್ ಮಾಡಿ' ಅನ್ನುತ್ತಾರೆ. ಮುಖ ಎತ್ತಿ ನೋಡದೆ ಚೀಟಿ ಬರೆಯುತ್ತಾರೆ. ನಾವು ಹೊರಗಿನಿಂದ ನೋಡಿ 'ಈ ಡಾಕ್ಟರಿಗೆ ಸೊಕ್ಕು' ಎಂದುಕೊಳ್ಳುವುದು ಎಷ್ಟೋ ಸಲ ಈ ಎರಡನೇ ಲಕ್ಷಣವೇ ಆಗಿರುತ್ತದೆ. (ಎಲ್ಲ ಸಲವೂ ಅಲ್ಲ, ಸೊಕ್ಕಿನವರೂ ಇದ್ದಾರೆ.) ಮೂರು, ತಾನು ಏನು ಮಾಡಿದರೂ ಅಷ್ಟೇ, ಯಾರಿಗೂ ಉಪಯೋಗವಿಲ್ಲ ಅನ್ನಿಸತೊಡಗುವುದು.

ಖಿನ್ನತೆ ಬೇರೆ. ಅದು ಮನೆಗೂ ಬರುತ್ತದೆ, ಹಬ್ಬಕ್ಕೂ ಬರುತ್ತದೆ. ಬರ್ನ್‌ಔಟ್ ಶುರುವಾಗುವುದು ಕೆಲಸದ ಜಾಗದಲ್ಲಿ. ಹಾಗಂತ ಎರಡರ ನಡುವೆ ಗೋಡೆ ಇಲ್ಲ. ಎರಡೂ ಒಬ್ಬರಲ್ಲೇ ಇರಬಹುದು.

ಕಬ್ಬಿನ ಸೀಸನ್ನಿನ ಒಂದು ರಾತ್ರಿ

ಜಮಖಂಡಿ, ಮುಧೋಳ, ಗೋಕಾಕ, ಅಥಣಿ ಕಡೆ ಕಾರ್ಖಾನೆ ಶುರುವಾದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರ್. ಎಷ್ಟೋ ಟ್ರೇಲರಿಗೆ ಹಿಂದೆ ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಅಂಥ ದಿನಗಳ ಒಂದು ರಾತ್ರಿಯನ್ನು ಇಲ್ಲಿ ಜೋಡಿಸಿ ಹೇಳುತ್ತೇನೆ. ಈ ಕಡೆ ಯಾವ ತಾಲೂಕಿನಲ್ಲಿ ಕೇಳಿದರೂ ಹೌದು ಅನ್ನುತ್ತಾರೆ.

ರಾತ್ರಿ ಹತ್ತೂವರೆಗೆ ಬೈಕಿನ ಹುಡುಗನೊಬ್ಬನನ್ನು ತಂದರು. ಟ್ರೇಲರಿಗೆ ಹಿಂದಿನಿಂದ ಗುದ್ದಿದ್ದಾನೆ, ತೊಡೆ ಮೂಳೆ ಮುರಿದಿದೆ. ರಕ್ತ ನಿಲ್ಲಿಸಿ, ಸ್ಪ್ಲಿಂಟ್ ಕಟ್ಟಿ, ಸಲೈನ್ ಹಚ್ಚಿದರೆ ಕೆಲಸ ಮುಗಿಯಲಿಲ್ಲ. ಇದು ಎಂಎಲ್‌ಸಿ, ಪೊಲೀಸ್ ಕೇಸು. ಪ್ರತಿ ಗಾಯದ ಉದ್ದ ಎಷ್ಟು, ಅಗಲ ಎಷ್ಟು, ಯಾವ ಜಾಗದಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಗುರುತಿನ ಮಚ್ಚೆ ಹುಡುಕಿ ನಮೂದಿಸಬೇಕು. ಠಾಣೆಗೆ ತಿಳಿವಳಿಕೆ ಪತ್ರ ಕಳಿಸಬೇಕು. ಒಂದು ಶಬ್ದ ತಪ್ಪಿದರೆ ಎರಡು ವರ್ಷ ಬಿಟ್ಟು ಕೋರ್ಟಿನಲ್ಲಿ ವಕೀಲರು ಅದನ್ನೇ ಹಿಡಿದು ಕೇಳುತ್ತಾರೆ.

ಬರೆಯುತ್ತಿರುವಾಗಲೇ ಹೊಲಕ್ಕೆ ನೀರು ಬಿಡಲು ಹೋಗಿದ್ದ ರೈತನಿಗೆ ಹಾವು ಕಚ್ಚಿದೆ ಎಂದು ಕರೆತಂದರು. (ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟನ್ನು ರಾತ್ರಿ ಕೊಟ್ಟರೆ ಹಾವಿನ ಕೇಸೂ ರಾತ್ರಿಯೇ ಬರುತ್ತದೆ, ಇದು ಆರೋಗ್ಯ ಇಲಾಖೆಯ ಕೈಯಲ್ಲಿಲ್ಲ.) ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತಾ ಎಂದು ನೋಡಬೇಕು. ಕಟ್ಟಿಲ್ಲ. ಅಂದರೆ ವಿಷ ಏರಿದೆ. ಆ್ಯಂಟಿ ಸ್ನೇಕ್ ವೆನಮ್ ಶುರು ಮಾಡಬೇಕು. ಆ ಔಷಧಿಯೇ ಕೆಲವರಿಗೆ ಜೋರು ಅಲರ್ಜಿ ಮಾಡುತ್ತದೆ, ಹಾಗಾಗಿ ಪಕ್ಕದಿಂದ ಕದಲುವಂತಿಲ್ಲ.

ಅಷ್ಟರಲ್ಲಿ ಲೇಬರ್ ರೂಮಿನಿಂದ ಸಿಸ್ಟರ್ ಬಂದರು. "ಸರ್, ಬಿಪಿ ಬಾಳ ಜಾಸ್ತಿ ಐತ್ರಿ, ಒಂದ್ಸಲ ಬಂದು ನೋಡ್ರಿ." ಹೊರಗೆ ಬೈಕಿನ ಹುಡುಗನ ಕಡೆಯವರು ಹದಿನೈದು ಜನ. "ಸಾಹೇಬ್ರ, ಬೆಳಗಾವಿಗೆ ಕಳಸೂದಿದ್ರ ಮೊದ್ಲ ಹೇಳಬೇಕಿತ್ತಲ್ರೀ? ಇಷ್ಟೊತ್ತು ಯಾಕ ಇಟ್ಕೊಂಡ್ರಿ?" ಉತ್ತರ ಹೇಳುವವರು ಯಾರು? ಅದೇ ಡಾಕ್ಟರು. ಆ್ಯಂಬುಲೆನ್ಸಿಗೆ ಫೋನ್ ಮಾಡುವವರೂ ಅವರೇ, ಮೇಲಿನ ಆಸ್ಪತ್ರೆಯಲ್ಲಿ ಬೆಡ್ ಇದೆಯಾ ಎಂದು ವಿಚಾರಿಸುವವರೂ ಅವರೇ. ನಸುಕಿನಲ್ಲಿ ಒಂದಿಷ್ಟು ಬಿಡುವು ಸಿಕ್ಕಿತು. ಬೆಳಿಗ್ಗೆ ಒಂಬತ್ತಕ್ಕೆ ಒಪಿಡಿ ಮುಂದೆ ಸಾಲು ಹತ್ತಿತ್ತು.

ಇದರಲ್ಲಿ ಡಾಕ್ಟರನ್ನು ಸೋಲಿಸಿದ್ದು ಯಾವುದು? ಹಾವಿನ ಕೇಸಂತೂ ಅಲ್ಲ. ಆ ರೈತ ಬದುಕಿದರೆ ಅದರ ಖುಷಿಯಲ್ಲೇ ನಾಲ್ಕು ದಿನ ಕೆಲಸ ಮಾಡಬಹುದು. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದನ್ನೇ ಹೇಳಿತು. ತಮಗೆ ಅರ್ಥಪೂರ್ಣ ಅನ್ನಿಸುವ ಕೆಲಸಕ್ಕೆ ಒಟ್ಟು ಸಮಯದ 20 ಶೇಕಡಾ ಆದರೂ ಸಿಗುವ ಡಾಕ್ಟರಲ್ಲಿ ಬರ್ನ್‌ಔಟ್ ಗಣನೀಯವಾಗಿ ಕಡಿಮೆ ಇತ್ತು. ಐದರಲ್ಲಿ ಒಂದು ಪಾಲು ಅಷ್ಟೇ. ಸೋಲಿಸುವುದು ಉಳಿದದ್ದು: ಮೂರು ಕಡೆಯಿಂದ ಒಟ್ಟಿಗೆ ಬರುವ ಕರೆ, ಬರವಣಿಗೆ, ಗಲಾಟೆ, ಮರುದಿನದ ಒಪಿಡಿ.

ಮಾಸ್ಲಾಕ್ ಮತ್ತು ಅವರ ಜೊತೆ ಸಂಶೋಧನೆ ಮಾಡಿದ ಮೈಕೆಲ್ ಲೈಟರ್ ಬರ್ನ್‌ಔಟಿನ ಕಾರಣವನ್ನು ಆರು ಕಡೆ ಹುಡುಕಿ ಎನ್ನುತ್ತಾರೆ. ಕೆಲಸದ ಹೊರೆ, ಕೆಲಸದ ಮೇಲೆ ತನ್ನ ಹಿಡಿತ, ಸಿಗುವ ಪ್ರತಿಫಲ, ಜೊತೆಗಾರರ ಸಂಬಂಧ, ನ್ಯಾಯ, ಮೌಲ್ಯ. ಇವುಗಳಲ್ಲಿ ನಮ್ಮ ಕಡೆ ಯಾರೂ ಮಾತಾಡದೆ ಬಿಡುವುದು ನ್ಯಾಯದ ಬಗ್ಗೆ. ಗುತ್ತಿಗೆ ಡಾಕ್ಟರಿಗೆ ತಿಂಗಳಿಗೆ ಹತ್ತು ನೈಟ್, ಹಳಬರಿಗೆ ಎರಡು. ಹೊರೆಗಿಂತ ಈ ಲೆಕ್ಕವೇ ಜಾಸ್ತಿ ಚುಚ್ಚುತ್ತದೆ.

ನಿದ್ದೆ ಇಲ್ಲದ ಕೈ

ಡಾಕ್ಟರ ದಣಿವು ಅವರ ಖಾಸಗಿ ವಿಷಯ ಎಂದುಕೊಂಡರೆ ಈ ಎರಡು ಅಧ್ಯಯನ ನೋಡಿ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಿದ್ದೆಗೆಟ್ಟವರನ್ನೂ ಕುಡಿದವರನ್ನೂ ಒಂದೇ ಪರೀಕ್ಷೆಗೆ ಕೂರಿಸಿದರು. 24 ತಾಸು ಎಚ್ಚರ ಇದ್ದವರ ಕೈಚಳಕ ರಕ್ತದಲ್ಲಿ 0.10 ಶೇಕಡಾ ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಬಿಡುವುದು 0.03 ಶೇಕಡಾ. ಗಾಡಿ ಓಡಿಸಲು ಬಿಡದ ಸ್ಥಿತಿಯಲ್ಲಿ ನಾವು ಡಾಕ್ಟರ ಕೈಗೆ ಸೂಜಿ ಕೊಡುತ್ತೇವೆ.

ಇನ್ನೊಂದು ಬಾಸ್ಟನ್ನಿನದು, 2004ರಲ್ಲಿ ಪ್ರಕಟವಾಯಿತು. ಐಸಿಯುಗಳಲ್ಲಿ ಕಿರಿಯ ಡಾಕ್ಟರ ಒಂದು ಗುಂಪಿಗೆ 24 ತಾಸು ಮೀರುವ ಹಳೆಯ ಪಾಳಿ, ಇನ್ನೊಂದು ಗುಂಪಿಗೆ ಚಿಕ್ಕ ಪಾಳಿ. ಹಳೆಯ ಪಾಳಿಯಲ್ಲಿ ಗಂಭೀರ ತಪ್ಪುಗಳು 36 ಶೇಕಡಾ ಜಾಸ್ತಿ ಆದವು. ಡಾಕ್ಟರು ಅದೇ ತರಬೇತಿಯವರು, ರೋಗಿಗಳೂ ಅಂಥವರೇ. ಬದಲಾದದ್ದು ಚಾರ್ಟು.

ಯೋಗ ದಿನ ಮುಗಿದ ಮೇಲೆ

ಬರ್ನ್‌ಔಟ್ ಎಂದ ಕೂಡಲೇ ನಮ್ಮ ಸಂಸ್ಥೆಗಳು ಮಾಡುವುದು ಒಂದೇ. ಶನಿವಾರ ಮಧ್ಯಾಹ್ನ ಸಭಾಂಗಣದಲ್ಲಿ ಒತ್ತಡ ನಿರ್ವಹಣೆ ಕಾರ್ಯಾಗಾರ. ಒಬ್ಬರು ಬಂದು ಉಸಿರಾಟ ಹೇಳಿಕೊಡುತ್ತಾರೆ, ಉಪ್ಪಿಟ್ಟು ಚಹಾ ಆಗುತ್ತದೆ, ಫೋಟೊ ಆಗುತ್ತದೆ. ಹಾಜರಾತಿ ಕಡ್ಡಾಯ, ಹಾಗಾಗಿ ನೈಟ್ ಮುಗಿಸಿದವರೂ ಬಂದು ಕೂರಬೇಕು! ಬೋರಿನಲ್ಲಿ ನೀರೇ ಇಲ್ಲದಾಗ ಮೋಟಾರು ರಿಪೇರಿ ಮಾಡಿಸಿದ ಹಾಗೆ ಇದು.

ಯೋಗ, ಧ್ಯಾನದಿಂದ ಉಪಯೋಗವೇ ಇಲ್ಲ ಅನ್ನುತ್ತಿಲ್ಲ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರ್ನ್‌ಔಟ್ ತಡೆಯುವ ಎಲ್ಲ ಬಗೆಯ ಕ್ರಮಗಳಿಂದ ಡಾಕ್ಟರಲ್ಲಿ ಅದರ ಪ್ರಮಾಣ ಸರಾಸರಿ 54 ಶೇಕಡಾದಿಂದ 44ಕ್ಕೆ ಇಳಿದಿತ್ತು. ಮರುವರ್ಷ ಇನ್ನೊಂದು ತಂಡ ಎರಡು ಬಗೆಯನ್ನು ಬೇರೆಮಾಡಿ ನೋಡಿತು. ಡಾಕ್ಟರನ್ನು ಬದಲಿಸಲು ಹೋದ ಕ್ರಮಗಳಿಗಿಂತ, ಪಾಳಿ, ಕೆಲಸದ ಹಂಚಿಕೆ, ತಂಡದ ರಚನೆ ಬದಲಿಸಿದ ಕ್ರಮಗಳ ಪರಿಣಾಮ ದೊಡ್ಡದಿತ್ತು.

168 ತಾಸಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ವಾರಕ್ಕೆ 168 ತಾಸು. ಕ್ಯಾಜುವಾಲ್ಟಿಯಲ್ಲಿ ಯಾವಾಗಲೂ ಒಬ್ಬ ಡಾಕ್ಟರು ಇರಬೇಕು. ಒಬ್ಬರು ವಾರಕ್ಕೆ 48 ತಾಸು ಕೆಲಸ ಮಾಡುತ್ತಾರೆ ಎಂದುಕೊಳ್ಳಿ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಅಂದರೆ ಆ ಒಂದೇ ಕುರ್ಚಿಗೆ ಮೂರೂವರೆ ಜನ ಬೇಕು. ರಜೆ, ತರಬೇತಿ, ಕೋರ್ಟ್, ಮೀಟಿಂಗು ಸೇರಿಸಿದರೆ ನಾಲ್ಕು ದಾಟುತ್ತದೆ. ಒಪಿಡಿ, ವಾರ್ಡು, ಆಪರೇಷನ್, ಪೋಸ್ಟ್‌ಮಾರ್ಟಮ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಒಂದು ಆಸ್ಪತ್ರೆಯಲ್ಲಿ ಎಲ್ಲ ಸೇರಿ ನಾಲ್ಕು ಜನ ಡಾಕ್ಟರು ಇದ್ದರೆ ಯಾವ ಜಾಣನೂ ಅವರಿಗೆ ನಿದ್ದೆ ಸಿಗುವಂಥ ಚಾರ್ಟ್ ಬರೆಯಲಾರ. ಸ್ಪೆಷಲಿಸ್ಟುಗಳದ್ದು ಇನ್ನೂ ಕಷ್ಟ. ತಾಲೂಕಿಗೆ ಒಬ್ಬರೇ ಅರಿವಳಿಕೆ ತಜ್ಞರಿದ್ದರೆ ವರ್ಷದ 365 ದಿನವೂ ಅವರೇ ಆನ್ ಕಾಲ್. ಬನಶಂಕರಿ ಜಾತ್ರೆಗೆ ಮನೆಮಂದಿಯನ್ನು ಕರೆದುಕೊಂಡು ಹೋದರೂ ಫೋನು ಕೈಯಲ್ಲೇ ಇರಬೇಕು.

ಕಾಗದದ ಮೇಲೆ ನಿಯಮ ಹಳೆಯದೇ. ಆಸ್ಪತ್ರೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆಯುವ ರೆಸಿಡೆಂಟ್ ಡಾಕ್ಟರಿಗೆ ಸಾಮಾನ್ಯವಾಗಿ ದಿನಕ್ಕೆ 12 ತಾಸು, ವಾರಕ್ಕೆ 48 ತಾಸು ಮೀರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ 'ಸಮಂಜಸವಾದ ಕೆಲಸದ ಅವಧಿ' ಇರಬೇಕು ಎಂದು ಹೇಳಿ, ಸಂಖ್ಯೆ ಹೇಳದೆ ಬಿಟ್ಟಿತು. ಸಮಂಜಸ ಅಂದರೆ ಎಷ್ಟು ಎಂದು ನಿರ್ಧರಿಸುವವರು ವಿಭಾಗದ ಮುಖ್ಯಸ್ಥರು. ಅಲ್ಲಿಗೆ ಮುಗಿಯಿತು. 2024ರಲ್ಲಿ ಆಯೋಗದ್ದೇ ಕಾರ್ಯಪಡೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಸಮೀಕ್ಷೆ ಮಾಡಿತು. 25,590 ಎಂಬಿಬಿಎಸ್, 5,337 ಪಿಜಿ ವಿದ್ಯಾರ್ಥಿಗಳು ಉತ್ತರಿಸಿದರು. ವಾರಕ್ಕೆ 74 ತಾಸು ಮೀರಬಾರದು, ವಾರಕ್ಕೊಂದು ದಿನ ರಜೆ ಬೇಕು, ದಿನಕ್ಕೆ ಏಳೆಂಟು ತಾಸು ನಿದ್ದೆ ಬೇಕು ಎಂದು ಆ ಕಾರ್ಯಪಡೆ ಶಿಫಾರಸು ಮಾಡಿತು. 1992ರ 48 ತಾಸು 2024ರಲ್ಲಿ 74 ಆಯಿತು. ಮೂವತ್ತು ವರ್ಷದಲ್ಲಿ ನಾವು ಯಾವ ಕಡೆ ನಡೆದೆವು ನೋಡಿ.

ಈ ಶಿಫಾರಸು ನಮ್ಮ ಕಡೆಗೂ ನೇರವಾಗಿ ಸಂಬಂಧಿಸಿದ್ದು. ಬೆಳಗಾವಿಯಲ್ಲಿ, ವಿಜಯಪುರದಲ್ಲಿ, ಬಾಗಲಕೋಟೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ. ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿಯ ಭಾರ ಹೊರುವವರು ಪಿಜಿಗಳೇ.

ಅಮೆರಿಕದಲ್ಲಿ ಇದು ಒಂದು ಸಾವಿನಿಂದ ಬದಲಾಯಿತು. 1984ರಲ್ಲಿ ಲಿಬಿ ಝಯಾನ್ ಎಂಬ 18 ವರ್ಷದ ಹುಡುಗಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳನ್ನು ನೋಡಿಕೊಂಡವರು ಬಹಳ ಹೊತ್ತಿನಿಂದ ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರು. ಅವಳ ತಂದೆಯ ಹೋರಾಟದ ಮೇಲೆ 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ತಾಸಿನ ಮಿತಿ ತಂದಿತು. 2003ರಲ್ಲಿ ಅದು ಇಡೀ ದೇಶದ ರೆಸಿಡೆಂಟರಿಗೆ ಅನ್ವಯವಾಯಿತು. ಯುರೋಪಿನಲ್ಲಿ ಮಿತಿ ಸರಾಸರಿ 48.

ಆದರೆ ತಾಸು ಕತ್ತರಿಸಿದರೆ ಎಲ್ಲ ಸರಿ ಹೋಗುವುದಿಲ್ಲ. ಅಮೆರಿಕದ ಸರ್ಜರಿ ವಿಭಾಗಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ವರದಿ 2016ರಲ್ಲಿ ಬಂತು. ವಾರದ ಒಟ್ಟು ಮಿತಿ ಹಾಗೇ ಇಟ್ಟು ಒಂದೊಂದು ಪಾಳಿಯ ಉದ್ದ ಸಡಿಲಿಸಿದಾಗ ರೋಗಿಗಳಿಗೆ ಹಾನಿ ಹೆಚ್ಚಾಗಲಿಲ್ಲ. ಒಂದು ಕಾರಣ ಇದು: ಪಾಳಿ ಚಿಕ್ಕದಾದಷ್ಟೂ ರೋಗಿಯನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವುದು ಜಾಸ್ತಿಯಾಗುತ್ತದೆ. ಅಲ್ಲಿ ಮಾಹಿತಿ ಸೋರುತ್ತದೆ. ಹಾಗಾಗಿ ಪಾಳಿ ಬದಲಿಸುವ ಆಸ್ಪತ್ರೆ ಹ್ಯಾಂಡೋವರನ್ನೂ ಬದಲಿಸಬೇಕು. ಒಂಬತ್ತು ಆಸ್ಪತ್ರೆಗಳಲ್ಲಿ ಇದಕ್ಕೆ ಒಂದು ಕಟ್ಟುನಿಟ್ಟಿನ ಕ್ರಮ ತಂದು ನೋಡಿದರು. ರೋಗಿ ಎಷ್ಟು ಗಂಭೀರ, ಏನಾಗಿದೆ, ಮುಂದೆ ಏನು ಮಾಡಬೇಕು, ಏನು ಆಗಬಹುದು ಎಂದು ಹೇಳಬೇಕು. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. 2014ರ ಆ ವರದಿಯಲ್ಲಿ ತಪ್ಪುಗಳು 23 ಶೇಕಡಾ ಇಳಿದಿದ್ದವು. ಇದಕ್ಕೆ ಹೊಸ ಹುದ್ದೆ ಬೇಡ, ಕಟ್ಟಡ ಬೇಡ. ಬೆಳಿಗ್ಗೆ ಹದಿನೈದು ನಿಮಿಷ ಬೇಕು. 'ಎಲ್ಲಾ ಸ್ಟೇಬಲ್ ಅದಾವು, ನಾ ಹೊಂಟೆ' ಅನ್ನುವುದು ಹ್ಯಾಂಡೋವರ್ ಅಲ್ಲ.

ಜನ ಇಲ್ಲದ ತಾಲೂಕಿಗೆ ದಾರಿ ಏನು? ನನಗೆ ಕಾಣುವುದು ಎರಡು. ರಾತ್ರಿಪಾಳಿಯನ್ನು ಒಂದೇ ಆಸ್ಪತ್ರೆಯ ಚಾರ್ಟಾಗಿ ನೋಡದೆ ಸುತ್ತಲಿನ ನಾಲ್ಕೈದು ಪ್ರಾಥಮಿಕ, ಸಮುದಾಯ ಆರೋಗ್ಯ ಕೇಂದ್ರಗಳನ್ನು ಸೇರಿಸಿ ಬರೆಯುವುದು. ರಾತ್ರಿ ಎರಡು ಕಡೆ ಅರೆಬರೆ ತೆರೆದಿಡುವುದಕ್ಕಿಂತ ಒಂದು ಕಡೆ ಸರಿಯಾಗಿ ತೆರೆದಿಡುವುದು ಮೇಲು. ಇದಕ್ಕೆ ಊರಿನವರ ವಿರೋಧ ಬರುತ್ತದೆ, 'ನಮ್ಮೂರ ದವಾಖಾನಿ ಮುಚ್ಚಿದ್ರಿ' ಎಂದು. ಆ್ಯಂಬುಲೆನ್ಸನ್ನು ಅಲ್ಲೇ ನಿಲ್ಲಿಸಿ ತೋರಿಸದೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎರಡನೆಯದು, ನೈಟ್ ಮಾಡಿದವರಿಗೆ ಮರುದಿನ ರಜೆ ಅನ್ನುವುದನ್ನು ಯಾರೂ ಮುಟ್ಟದ ನಿಯಮ ಮಾಡುವುದು. ಆ ದಿನ ಒಪಿಡಿಯಲ್ಲಿ ಒಬ್ಬರು ಕಡಿಮೆ ಇರುತ್ತಾರೆ, ಸಾಲು ಉದ್ದವಾಗುತ್ತದೆ. ಆಗಲಿ. ಬಿಪಿ, ಶುಗರ್ ಗುಳಿಗೆಗೆ ತಿಂಗಳು ತಿಂಗಳು ಬರುವವರಿಗೆ ಬೇರೆ ದಿನ, ಬೇರೆ ಕೌಂಟರ್ ಮಾಡಿದರೆ ಸಾಲು ತಾನೇ ಕರಗುತ್ತದೆ.

ರಿಜಿಸ್ಟರುಗಳು

ಅಮೆರಿಕದ ಒಂದು ಅಧ್ಯಯನ, 2016ರದು, ಡಾಕ್ಟರ ಪಕ್ಕದಲ್ಲಿ ನಿಂತು ಗಡಿಯಾರ ಹಿಡಿದು ನೋಡಿತು. ರೋಗಿಯ ಜೊತೆ ಒಂದು ತಾಸು ಕಳೆದರೆ ಕಂಪ್ಯೂಟರ್ ಮತ್ತು ಟೇಬಲ್ ಕೆಲಸಕ್ಕೆ ಸುಮಾರು ಎರಡು ತಾಸು. ನಮ್ಮ ಒಪಿಡಿಯಲ್ಲಿ ಕಂಪ್ಯೂಟರು ಅಷ್ಟಿಲ್ಲ, ಆದರೆ ಬೇರೆ ರೂಪದಲ್ಲಿ ಅದೇ ಇದೆ. ಸರ್ಕಾರದ ಪೋರ್ಟಲ್‌ಗಳನ್ನೇ ನೋಡಿ: ಟಿಬಿಗೆ ನಿಕ್ಷಯ್, ತಾಯಿ ಮಕ್ಕಳಿಗೆ ಆರ್‌ಸಿಎಚ್, ಸಾಂಕ್ರಾಮಿಕಕ್ಕೆ ಐಎಚ್‌ಐಪಿ, ತಿಂಗಳ ವರದಿಗೆ ಎಚ್‌ಎಂಐಎಸ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕಕ್ಕೆ ಇನ್ನೊಂದು. ಅದರ ಮೇಲೆ ಪುಸ್ತಕದ ರಿಜಿಸ್ಟರು, ವಾಟ್ಸ್ಆ್ಯಪ್ ಗುಂಪಿಗೆ 'ಈಗಲೇ ಕಳಿಸಿ' ಅನ್ನುವ ಎಕ್ಸೆಲ್. ಒಬ್ಬ ಬಾಣಂತಿಯ ಹೆಸರು ಎಷ್ಟು ಕಡೆ ಬರೆಯಲ್ಪಡುತ್ತದೆ ಎಂದು ಒಮ್ಮೆ ಎಣಿಸಿ ನೋಡಿ, ತಮಾಷೆಯಾಗಿರುತ್ತದೆ.

ಇದಕ್ಕೆ ಹವಾಯಿಯ ಒಂದು ಆಸ್ಪತ್ರೆ ಸಮೂಹ 2017ರಲ್ಲಿ ಮಾಡಿದ್ದು ನನಗೆ ಬಹಳ ಇಷ್ಟ. ಕಂಪ್ಯೂಟರ್ ದಾಖಲೆಯಲ್ಲಿ ಯಾವುದು ದಂಡ ಅನ್ನಿಸುತ್ತದೆ, ಹೇಳಿ ಎಂದು ಎಲ್ಲ ಸಿಬ್ಬಂದಿಯನ್ನು ಕೇಳಿದರು. ನರ್ಸುಗಳು ತಾಸಿಗೊಮ್ಮೆ ಒತ್ತಬೇಕಿದ್ದ ಒಂದು ಕ್ಲಿಕ್ಕು ಸಿಕ್ಕಿತು. ಅದರಿಂದ ರೋಗಿಗೆ ಏನೂ ಉಪಯೋಗ ಇರಲಿಲ್ಲ. ತೆಗೆದುಹಾಕಿದರು. ಆ ಒಂದರಿಂದಲೇ ತಿಂಗಳಿಗೆ ಸುಮಾರು 1,700 ನರ್ಸಿಂಗ್ ತಾಸು ಉಳಿಯಿತು. ನಮ್ಮ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗಳಲ್ಲಿ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಪ್ರತಿ ರಿಜಿಸ್ಟರ್ ಮುಂದೆ ಒಂದೇ ಪ್ರಶ್ನೆ: ಕಳೆದ ವರ್ಷ ಇದನ್ನು ತೆರೆದು ಯಾರು ಏನು ನಿರ್ಧಾರ ಮಾಡಿದರು? ಯಾರೂ ಇಲ್ಲ ಎಂದಾದರೆ ನಿಲ್ಲಿಸಿ. ಉಳಿದದ್ದರಲ್ಲಿ ಡಾಕ್ಟರೇ ಬರೆಯಬೇಕಾದದ್ದು ಬಹಳ ಕಡಿಮೆ. ಡೇಟಾ ಎಂಟ್ರಿ ಆಪರೇಟರ್ ಸಂಬಳ ಡಾಕ್ಟರ ಸಂಬಳದ ಎದುರು ಎಷ್ಟು?

ಕೋರ್ಟಿನದೂ ಇಲ್ಲೇ ಹೇಳಬೇಕು. ವಿಜಯಪುರ ಜಿಲ್ಲೆಯ ಇಂಡಿ ಊರಿನಲ್ಲಿ ಎಂಎಲ್‌ಸಿ ಬರೆದ ಡಾಕ್ಟರು ಬೆಳಗಾವಿ ಜಿಲ್ಲೆಯ ಖಾನಾಪುರಕ್ಕೆ ವರ್ಗವಾದ ಮೇಲೂ ಸಮನ್ಸ್ ಹಿಂದೆಯೇ ಬರುತ್ತದೆ. ಹೋದ ದಿನ ವಿಚಾರಣೆ ಮುಂದಕ್ಕೆ ಹೋದರೆ ಇನ್ನೊಮ್ಮೆ ಪ್ರಯಾಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಡಿಯೊ ಮೂಲಕ ಸಾಕ್ಷಿ ಪಡೆಯಲು ಅವಕಾಶ ಕೊಡುತ್ತದೆ. ಆಸ್ಪತ್ರೆಯಲ್ಲಿ ಒಂದು ಕೋಣೆ, ಒಂದು ಒಳ್ಳೆಯ ಇಂಟರ್ನೆಟ್ ಸಂಪರ್ಕ, ಜಿಲ್ಲಾ ನ್ಯಾಯಾಲಯದ ಜೊತೆ ಒಂದು ಮಾತುಕತೆ. ಮೂರು ಜಿಲ್ಲೆಯ ಡಾಕ್ಟರಿಗೆ ಇದರಿಂದ ಸಿಗುವ ಬಿಡುವು ಯಾವ ಕಾರ್ಯಾಗಾರದಿಂದಲೂ ಸಿಗದು.

ಗೇಟಿನ ಹತ್ತಿರ

ಗಲಾಟೆಯ ಹೆದರಿಕೆ ಇರುವ ಕಡೆ ಡಾಕ್ಟರು ಮೊದಲು ತಮ್ಮ ರಕ್ಷಣೆ ನೋಡಿಕೊಳ್ಳುತ್ತಾರೆ, ಗಂಭೀರ ಕೇಸನ್ನು ಕೈಬಿಟ್ಟು ಮುಂದಕ್ಕೆ ಕಳಿಸುತ್ತಾರೆ. ನಷ್ಟ ರೋಗಿಗೇ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ 2009ರಿಂದಲೇ ಕಾನೂನಿದೆ. ಜಾಮೀನು ರಹಿತ ಅಪರಾಧ, ಜೈಲೂ ಇದೆ, ದಂಡವೂ ಇದೆ. ಆದರೂ ಹೊಡೆಸಿಕೊಂಡ ಡಾಕ್ಟರು ದೂರು ಕೊಡಲು ಹಿಂಜರಿಯುತ್ತಾರೆ. ಅದೇ ಊರಿನಲ್ಲಿ ಇರಬೇಕಲ್ಲ. ಮಕ್ಕಳು ಅಲ್ಲೇ ಶಾಲೆಗೆ ಹೋಗಬೇಕಲ್ಲ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯಾದ ಮೇಲೆ 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಂದು ಸೂಚನೆ ಹೊರಡಿಸಿತು. ಹಲ್ಲೆಯಾದರೆ ಆರು ತಾಸಿನೊಳಗೆ ಎಫ್‌ಐಆರ್ ಆಗುವಂತೆ ನೋಡಿಕೊಳ್ಳುವ ಹೊಣೆ ಸಂಸ್ಥೆಯ ಮುಖ್ಯಸ್ಥರದು. ಫಿರ್ಯಾದಿ ಸಂಸ್ಥೆಯೇ ಆದರೆ ಡಾಕ್ಟರು ಒಂಟಿಯಾಗುವುದಿಲ್ಲ. ಪ್ರತಿ ಆಸ್ಪತ್ರೆ ಇದನ್ನು ತನ್ನ ನಿಯಮ ಮಾಡಿಕೊಳ್ಳಬೇಕು.

ಗಲಾಟೆಯ ಬೇರು ಹೆಚ್ಚಿನ ಸಲ ಸುದ್ದಿ ಸಿಗದಿರುವುದು. ಒಳಗೆ ಏನಾಗುತ್ತಿದೆ ಎಂದು ಯಾರೂ ಹೇಳುವುದಿಲ್ಲ, ಹೊರಗೆ ಊಹೆ ಬೆಳೆಯುತ್ತದೆ. ರಾತ್ರಿ ಸಂಬಂಧಿಕರ ಜೊತೆ ಮಾತಾಡುವುದಕ್ಕೇ ಒಬ್ಬರು ಬೇಕು. ಅವರು ಕನ್ನಡದ ಜೊತೆ ಬೆಳಗಾವಿ ಕಡೆ ಮರಾಠಿ, ವಿಜಯಪುರ ಕಡೆ ಉರ್ದು ಬಲ್ಲವರಾಗಿರಬೇಕು. ಬಂದೂಕು ಹಿಡಿದ ಗಾರ್ಡಿಗಿಂತ 'ಬರ್ರಿ ಕಾಕಾ, ಕೂಡ್ರಿ, ಹೇಳತೀನಿ' ಅನ್ನುವ ಒಬ್ಬರು ಜಾಸ್ತಿ ಗಲಾಟೆ ತಡೆಯುತ್ತಾರೆ ಎಂದು ನನ್ನ ನಂಬಿಕೆ.

ಡ್ಯೂಟಿ ರೂಮಿನ ಬಗ್ಗೆ ಎರಡು ಮಾತು ಸಾಕು. ಒಳಗಿನಿಂದ ಚಿಲಕ ಬೀಳುವ ಬಾಗಿಲು, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಮತ್ತು ಬಚ್ಚಲು, ಕುಡಿಯುವ ನೀರು, ರಾತ್ರಿ ಬಿಸಿ ಊಟ. ವಿಜಯಪುರದ ಏಪ್ರಿಲ್‌ನಲ್ಲಿ ಕೂಲರ್. ಇದನ್ನು ಲೇಖನದಲ್ಲಿ ಬರೆಯಬೇಕಾಗಿದೆ ಅನ್ನುವುದೇ ನಾಚಿಕೆ.

ಮಾತಾಡಲು ಜಾಗ

ಬಾಣಂತಿಯೊಬ್ಬಳು ಕೈಯಲ್ಲೇ ತೀರಿಕೊಂಡರೆ ಡಾಕ್ಟರಿಗೆ ಮರುದಿನ ಬರುವುದು ತಾಯಿ ಮರಣ ಪರಿಶೀಲನೆಯ ನಮೂನೆಗಳು. ಪರಿಶೀಲನೆ ಬೇಕೇ ಬೇಕು. ಆದರೆ ಅದು ವಿಚಾರಣೆಯಂತೆ ನಡೆದರೆ ಮುಂದಿನ ಸಲ ಎಲ್ಲರೂ ಸತ್ಯ ಬರೆಯುವುದನ್ನು ಬಿಟ್ಟು ಸುರಕ್ಷಿತವಾದದ್ದು ಬರೆಯುತ್ತಾರೆ. ಅದಕ್ಕೂ ಮೊದಲು, ಆ ಪಾಳಿಯಲ್ಲಿದ್ದ ಡಾಕ್ಟರು, ಸಿಸ್ಟರು, ಆಯಾ ಒಟ್ಟಿಗೆ ಅರ್ಧ ತಾಸು ಕೂತು ಏನಾಯಿತು, ಹೇಗನ್ನಿಸಿತು ಎಂದು ಮಾತಾಡುವ ಏರ್ಪಾಡು ಇರಬೇಕು. ತಪ್ಪು ಹುಡುಕುವುದು ಅಲ್ಲಿ ಬೇಡ.

ಅಮೆರಿಕದ ದೊಡ್ಡ ಆಸ್ಪತ್ರೆ ಮೇಯೋ ಕ್ಲಿನಿಕ್ಕಿನಲ್ಲಿ ಇಂಥದ್ದನ್ನು ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. ಹದಿನೈದು ದಿನಕ್ಕೊಮ್ಮೆ ಡಾಕ್ಟರ ಚಿಕ್ಕ ಗುಂಪು ಒಂದು ತಾಸು ಸೇರುತ್ತಿತ್ತು. ಆ ಒಂದು ತಾಸನ್ನು ಕೆಲಸದ ಅವಧಿಯಲ್ಲೇ, ಸಂಬಳ ಸಹಿತ, ಆಸ್ಪತ್ರೆ ಕೊಟ್ಟಿತ್ತು. ರೋಗಿಗಳ ಬಗ್ಗೆ ಮನಸ್ಸು ಮರಗಟ್ಟುವುದು ಕಡಿಮೆಯಾಯಿತು, ಒಂದು ವರ್ಷದ ಮೇಲೂ ಅದು ಉಳಿದಿತ್ತು. ಒತ್ತಡ, ಖಿನ್ನತೆ ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ. ಹಾಗಾಗಿ ಇದನ್ನೇ ರಾಮಬಾಣ ಅನ್ನುವಂತಿಲ್ಲ.

ಚಿಕಿತ್ಸೆಯೇ ಬೇಕಾದವರ ಕಷ್ಟ ಬೇರೆ. ವೈದ್ಯಕೀಯ ಆಯೋಗದ 2024ರ ಅದೇ ಸಮೀಕ್ಷೆಯಲ್ಲಿ ಉತ್ತರಿಸಿದ ಪಿಜಿಗಳಲ್ಲಿ 15.3 ಶೇಕಡಾ ಜನ ತಮಗೆ ಮಾನಸಿಕ ತೊಂದರೆ ಇರುವುದು ಪತ್ತೆಯಾಗಿದೆ ಎಂದಿದ್ದರು. ಚಿಕ್ಕ ಊರಿನಲ್ಲಿ ಮನೋವೈದ್ಯರು ಇರುವುದು ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಅವರ ಕೋಣೆ ಮುಂದೆ ಕೂತರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಬೇರೆ ಊರಿಗೆ ಹೋಗಿ ತೋರಿಸಲು ರಜೆ ಕೊಡಬೇಕು, ಕಾರಣ ಕೇಳಬಾರದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಈ ಕಡೆಯವರಿಗೆ ಬಹಳ ದೂರವಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಹೆಸರು ಊರು ಆಸ್ಪತ್ರೆಗೆ ತಿಳಿಯುವುದಿಲ್ಲ. ಬದುಕು ಸಾಕು ಅನ್ನಿಸುವ ಹಂತ ಬಂದಿದ್ದರೆ ಚಾರ್ಟ್ ಸುಧಾರಿಸಲಿ ಎಂದು ಕಾಯಬಾರದು, ಆ ಹೊತ್ತೇ ಕರೆ ಮಾಡಬೇಕು.

ಅಳೆಯುವುದು ಹೇಗೆ

ಅರ್ಧ ಮಾಹಿತಿ ನಮ್ಮ ಕಚೇರಿಯ ಕಪಾಟಿನಲ್ಲೇ ಇದೆ. ಯಾರಿಗೆ ಎಷ್ಟು ನೈಟ್, ಯಾರ ಗಳಿಕೆ ರಜೆ ಎಷ್ಟು ಉಳಿದು ಕೊಳೆಯುತ್ತಿದೆ, ವರ್ಷದಲ್ಲಿ ಎಷ್ಟು ಜನ ರಾಜೀನಾಮೆ ಕೊಟ್ಟರು ಅಥವಾ ವರ್ಗ ಕೇಳಿದರು. ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಇಟ್ಟರೆ ಸಾಕು, ಜನಪ್ರತಿನಿಧಿಗಳೇ ಪ್ರಶ್ನೆ ಕೇಳುತ್ತಾರೆ. ಡ್ಯೂಟಿ ರೂಮು, ರಾತ್ರಿ ಊಟ, ಆಪರೇಟರ್ ಇಂಥ ಚಿಕ್ಕ ಖರ್ಚಿಗೆ ಸಮಿತಿಯ ಹಣದಲ್ಲೇ ದಾರಿ ಹುಡುಕಬಹುದು. ಹುದ್ದೆ ತುಂಬುವುದು ಬೆಂಗಳೂರಿನ ಕೈಯಲ್ಲಿದೆ, ಅದಕ್ಕೆ ಬೇರೆ ಹೋರಾಟ.

ಉಳಿದರ್ಧ ಡಾಕ್ಟರನ್ನೇ ಕೇಳಬೇಕು. ಆದರೆ ಆರು ಜನ ಡಾಕ್ಟರಿರುವ ಆಸ್ಪತ್ರೆಯಲ್ಲಿ ಹೆಸರಿಲ್ಲದ ಸಮೀಕ್ಷೆ ಅನ್ನುವುದು ಸುಳ್ಳು. 'ಮಹಿಳೆ, ವಯಸ್ಸು 30, ಹೆರಿಗೆ ವಿಭಾಗ' ಎಂದು ತುಂಬಿದ ಕೂಡಲೇ ಯಾರು ಎಂದು ಗುಮಾಸ್ತನಿಗೂ ಗೊತ್ತಾಗುತ್ತದೆ. ಹಾಗಾಗಿ ಸಮೀಕ್ಷೆಯನ್ನು ಜಿಲ್ಲೆಯ ಎಲ್ಲ ತಾಲೂಕು ಸೇರಿಸಿ ಒಟ್ಟಿಗೆ ಮಾಡಬೇಕು, ನಡೆಸುವವರು ಇಲಾಖೆಯ ಹೊರಗಿನವರಾಗಿರಬೇಕು, ವಯಸ್ಸು ವಿಭಾಗ ಕೇಳಲೇಬಾರದು. ಮತ್ತೆ, ಬಂದ ಉತ್ತರದಲ್ಲಿ ಒಂದನ್ನಾದರೂ ಮೂರು ತಿಂಗಳೊಳಗೆ ಸರಿಪಡಿಸಿ ತೋರಿಸಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಆ ಫಾರ್ಮನ್ನು ಯಾರೂ ತುಂಬುವುದಿಲ್ಲ, ತುಂಬಿದರೂ ಎಲ್ಲ ಚೆನ್ನಾಗಿದೆ ಎಂದು ಟಿಕ್ ಮಾಡಿ ಕಳಿಸುತ್ತಾರೆ.